ಕೈ ಕಟ್ಟಿ ಕೂರುವ ಕೆಲಸ

ಮೊದಲು ನನ್ನನ್ನು ಕೂರಿಸಿದ್ದು ಫೋನಿನ ಮುಂದೆ.
ಗ್ರಿಮ್ಸ್‌ಬಿಯ ಕೌನ್ಸಿಲ್ ಕಚೇರಿ, ಎರಡನೇ ಮಹಡಿ,
ಕಿಟಕಿಯ ಗಾಜಿಗೆ ಕಡಲಹಕ್ಕಿಯ ಹಿಕ್ಕೆ.
ಕಿವಿಗೆ ಬಿದ್ದದ್ದನ್ನು ಬೆರಳು ತಾನೇ ಟೈಪು ಮಾಡುತ್ತಿತ್ತು:
ಮೆಟ್ಟಿಲಲ್ಲಿ ಬಿದ್ದರಂತೆ. ಊಟ ಸೇರುತ್ತಿಲ್ಲವಂತೆ.
ಮಗಳು ಹಲ್‌ನಲ್ಲಿದ್ದಾಳಂತೆ, ಮಾತು ಬಿಟ್ಟು ವರ್ಷವಾಯಿತಂತೆ.
ಬರೀ ಅಂತೆ ಕಂತೆ.
ಐದು ಗಂಟೆಗೆ ಹೆಡ್‌ಫೋನು ತೆಗೆದಿಟ್ಟು
ಒಂದು ಮುಖವನ್ನೂ ಕಾಣದೆ ಮನೆಗೆ ಹೋಗುತ್ತಿದ್ದೆ.

ಆಮೇಲೆ ಆಸ್ಪತ್ರೆಯ ತಂಡ.
ಅಲ್ಲಿ ಹಾಸಿಗೆಯ ನಂಬರೇ ಹೆಸರು.
ಬೆಳಗ್ಗೆ ಬಿಳಿ ಹಲಗೆಯ ಮುಂದೆ ನಿಂತು
"ಹನ್ನೊಂದು ಯಾವತ್ತು ಖಾಲಿ?" ಎನ್ನುತ್ತಿದ್ದರು.
ಹನ್ನೊಂದು ಅಂದರೆ ಹೆಡ್ಲಿ ಸ್ಟ್ಯಾಮ್‌ಪರ್,
ಹುಡುಗನಾಗಿದ್ದಾಗಲೇ ಟ್ರಾಲರ್ ಹತ್ತಿ
ಐಸ್‌ಲ್ಯಾಂಡಿನ ನೀರಲ್ಲಿ ಮೀನು ಹಿಡಿದವ,
ಈಗ ಸೊಂಟದ ಮೂಳೆಗೆ ಮೊಳೆ ಹೊಡೆಸಿಕೊಂಡು
ಮಂಚದ ಅಂಚಿಗೆ ಕೂತು
"ನನ್ನ ಪ್ಯಾಂಟೆಲ್ಲಿ?" ಎಂದು ಕೇಳಿದವ.

ಪ್ಯಾಂಟು ಹುಡುಕುವುದು ಯಾವ ತಂಡದ ಕೆಲಸವೂ ಅಲ್ಲ.
ನಾನು ಹುಡುಕಿದೆ.
ಲಾಂಡ್ರಿಯಲ್ಲಿ ಸಿಕ್ಕಿತು, ಇನ್ಯಾರದೋ, ಕಂದು ಬಣ್ಣದ್ದು.
ಆತ ಹಾಕಿಕೊಂಡ.

ಏಪ್ರಿಲಿನಲ್ಲಿ ಮತ್ತೆ ಎತ್ತಿ ಹಾಕಿದರು:
ಮನೆಗೆ ಮರಳಿದವರಿಗೆ ಮನೆಯನ್ನು ಮರಳಿ ಕಲಿಸುವ ತಂಡ.
ಆರು ವಾರ, ದಿನಕ್ಕೆರಡು ಸಲ.
ಮೊದಲ ದಿನವೇ ಫೋಲಾಕೆ ಎಚ್ಚರಿಸಿದಳು:
"ಇಲ್ಲಿ ಮಾಡಿಕೊಟ್ಟರೆ ತಪ್ಪು. ಕೈ ಕಟ್ಟಿ ಕೂರು.
ತಡೆಯಲಾಗದಿದ್ದರೆ ತೊಡೆಯ ಕೆಳಗೆ ಇಟ್ಟುಕೋ."

ಕೈ ಕಟ್ಟಿ ಕೂತವರನ್ನು ಸೋಮಾರಿ ಎನ್ನುತ್ತಿದ್ದಳು ನನ್ನಮ್ಮ,
ಮೀನು ಕಾರ್ಖಾನೆಯ ಐಸಿನಲ್ಲಿ ಬೆರಳು ಮರಗಟ್ಟಿಸಿಕೊಂಡವಳು.
ಈ ಕೆಲಸಕ್ಕೆ ಸಂಬಳವಿದೆ ಎಂದು ಅವಳಿಗೆ ಹೇಗೆ ಹೇಳಲಿ?

ಬಾಗಿಲು ತೆರೆದಾಗ ಮೊದಲು ಗುರುತು ಹತ್ತಿದ್ದು
ಆ ಕಂದು ಪ್ಯಾಂಟು.
ಹೆಡ್ಲಿಗೆ ನನ್ನ ಗುರುತು ಸಿಗಲಿಲ್ಲ.

ಚಹಾ ಮಾಡುವ ಪರೀಕ್ಷೆ.
ಕೆಟಲಿಗೆ ಅರ್ಧ ನೀರು, ಬಲಗೈಯಲ್ಲಿ ಮುಚ್ಚಳ,
ಎಡಗೈ ಸಿಂಕಿನ ಅಂಚನ್ನು ಹಿಡಿದಿತ್ತು,
ಅಡುಗೆಮನೆ ಈಗಲೋ ಆಗಲೋ ವಾಲಿಬಿಡುತ್ತದೆ ಎಂಬಂತೆ.
ಸಕ್ಕರೆ ಡಬ್ಬಿ ಮೇಲಿನ ಹಲಗೆಯಲ್ಲಿ.
ಆತ ಚಾಚಿದ. ಇನ್ನೂ ಚಾಚಿದ.
ಬೆರಳ ತುದಿಗೂ ಡಬ್ಬಿಗೂ ನಡುವೆ
ಒಂದು ಬಿಸ್ಕತ್ತಿನ ದಪ್ಪ.

ನಾನಿದ್ದದ್ದು ಎರಡಡಿ ದೂರ.
ನನ್ನ ಎತ್ತರ ಐದಡಿ ಒಂಬತ್ತಂಗುಲ.
ತೊಡೆಯ ಕೆಳಗೆ ಎರಡೂ ಕೈ ಜೋಮು ಹಿಡಿದವು.

ಕೊನೆಗೆ ಕೈ ಇಳಿಸಿ ಆತ ನನ್ನ ಕಡೆ ತಿರುಗಿದ,
ಹಡಗಿನಲ್ಲಿ ಕೆಲಸಗಳ್ಳನನ್ನು ನೋಡಿದ್ದಿರಬೇಕು ಹಾಗೆ.
ಬಾಗಿಲಿಗೆ ತೂಗುಬಿಟ್ಟ ಊರುಗೋಲು ತೆಗೆದು,
ತಲೆಕೆಳಗು ಮಾಡಿ,
ಡಬ್ಬಿಯ ಹಿಂದಕ್ಕೆ ಕೊಕ್ಕೆ ಹಾಕಿ
ಎಳೆದ.

ನೆಲದ ತುಂಬ ಸಕ್ಕರೆ.

"ಹೋಗಲಿ, ಡಾಕ್ಟರು ಹೇಗೂ ಬೇಡ ಅಂದಿದ್ದ."
ಎರಡು ಲೋಟ ಸಪ್ಪೆ ಚಹಾ.
ಒಂದನ್ನು ನನ್ನತ್ತ ಸರಿಸಿ ಹೇಳಿದ:
"ಕೂತು ಕೂತು ದಣಿದಿದ್ದೀಯ. ಕುಡಿ."

ಸಂಜೆ ಫಾರಂ ತುಂಬಿದೆ.
ಚಹಾ: ತಾವೇ ಮಾಡಿಕೊಳ್ಳುತ್ತಾರೆ.
ಅಂತೆ ಇಲ್ಲ; ಕಣ್ಣಾರೆ ಕಂಡದ್ದು.
ಸಕ್ಕರೆಗೆ ಅದರಲ್ಲಿ ಕಾಲಂ ಇರಲಿಲ್ಲ.
ನೆಲ ಗುಡಿಸಿದ್ದು ಯಾರೆಂದು ಫೋಲಾಕೆ ಕೇಳಲಿಲ್ಲ,
ನಾನೂ ಬಾಯಿ ಬಿಡಲಿಲ್ಲ.

ಬರುವ ತಿಂಗಳು ನನ್ನನ್ನು ಬೇರೆ ತಂಡಕ್ಕೆ ಕಳಿಸುತ್ತಾರಂತೆ.
ಬಸ್ಸಿಳಿದು ಮನೆಯ ಮೆಟ್ಟಿಲು ಹತ್ತುವಾಗ
ಶೂ ಅಡಿಯಲ್ಲಿ ಇನ್ನೂ
ಕರಕರ.