ಸುಣ್ಣ

ರಾತ್ರಿ ಎರಡಕ್ಕೆ ದಾವಣಗೆರೆಯ ಮಂಡಕ್ಕಿ ಭಟ್ಟಿಯಿಂದ
ದಾದಾಪೀರನನ್ನು ಆಟೋದಲ್ಲಿ ತಂದರು.
ಅಂಗಿಯ ಮಡಿಕೆಯಲ್ಲಿ ಬಿಸಿ ಮರಳು ಇನ್ನೂ ಇತ್ತು.
ಮುಚ್ಚಿದ್ದ ನಾಳ ನಾಲ್ಕೂವರೆಗೆ ತೆರೆಯಿತು,
ಪರದೆಯ ಮೇಲೆ ರಕ್ತ ಹಳ್ಳದಂತೆ ಓಡಿತು.
ನಾವು ಚಹಾ ಕುಡಿದೆವು.

ಮೂರನೇ ದಿನ ಶಂಷಾದ್‌ಬಿ ಕೇಳಿದಳು:
ರಕ್ತ ಹರೀತು ಅಂದ್ರಿ,
ಮತ್ತೆ ಹೃದಯದ ಆ ಮೂಲೆ ಯಾಕ್ರೀ ಸತ್ತೋಯ್ತು?

ಅವಳ ಎಲೆಯಡಿಕೆ ಚೀಲದ ಸುಣ್ಣದ ಡಬ್ಬಿ ತೋರಿಸಿದೆ.
ಇದರಲ್ಲಿರೋದೇ.
ಬಡಿತಕ್ಕೊಮ್ಮೆ ಜೀವಕೋಶ ಉಗುರ ತುದಿಯಷ್ಟು ಒಳಗೆ ಬಿಟ್ಟು
ಮತ್ತೆ ಹೊರಗೆ ಗುಡಿಸುತ್ತೆ.
ಆ ರಾತ್ರಿ ಗುಡಿಸೋಕೆ ಕಸುವಿರಲಿಲ್ಲ.
ರಕ್ತ ಮರಳಿತು, ಬೆನ್ನಿಗೇ ಕ್ಯಾಲ್ಸಿಯಂ ನುಗ್ಗಿತು.
ಮೈಟೊಕಾಂಡ್ರಿಯ ಅಂತ, ಕೋಶದೊಳಗಿನ ಒಲೆಗಳು,
ಮೊದಮೊದಲು ಅಷ್ಟನ್ನೂ ತಾವೇ ನುಂಗಿಕೊಂಡವು
ಮನೆಯ ಮಾನ ಕಾಯುವ ಹಿರೇಸೊಸೆಯ ಹಾಗೆ.
ಆಮೇಲೆ ಗೋಡೆಯಲ್ಲಿ ಕಂಡಿ ಬಿತ್ತು.
ನೀರು ಹೊಕ್ಕಿತು, ಉಬ್ಬಿದವು,
ಒಡೆದವು. ಒಲೆ ಉರಿಸುತ್ತಿದ್ದ ಕೈಯೇ ಹೊರಬಂದು
ಸಾವಿನ ಕಾಗದಕ್ಕೆ ಸಹಿ ಹಾಕಿತು.

ಅವಳು ಸುಮ್ಮನಿದ್ದಳು. ಇಪ್ಪತ್ತು ವರ್ಷ
ಉಪ್ಪುನೀರುಂಡ ಅಕ್ಕಿಯನ್ನು ಕಾದ ಮರಳಿಗೆ ಸುರಿದವಳು.
ಅರಳಿದ್ದು ವಾಪಸ್ ಅಕ್ಕಿ ಆಗಲ್ಲ ಬಿಡ್ರಿ, ಅಂದಳು.

ವರ್ಷಾವರ್ಷ ಹುಡುಗರಿಂದ ಆ ಚಿತ್ರ ಬರೆಸಿದ್ದೇನೆ,
ಸಂಜೆ ಮೆಣಸಿನಕಾಯಿ ಕಚ್ಚಿಕೊಂಡು ಮಂಡಕ್ಕಿ ತಿಂದಿದ್ದೇನೆ.
ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ನೋಡಿರಲಿಲ್ಲ.

ಎದ್ದಳು. ಬಾಗಿಲಲ್ಲಿ ನಿಂತು,
ಜರಡಿ ಹಿಡೀಬಹುದಾ ಅವರು,
ಕೂತ್ಕೊಂಡಾದ್ರೂ?

ಎಕೋ ರಿಪೋರ್ಟನ್ನು ಬಿಚ್ಚಿದೆ, ಮಡಿಸಿದೆ.
ಎಷ್ಟು ಭಾರ ಇರುತ್ತೆ ಅದು, ಕೇಳಿದೆ.