ಆರು ಸಾವಿರದ ನಾನೂರು

"ಫ್ಲ್ಯಾಶು ಬ್ಯಾಡ್ರಿ" ಅಂದ ಮೇಸ್ತ್ರಿ,
"ಹತ್ತಿ ಮುಂದ ಮಿಂಚು ಆಡಿಸಬಾರದು."
ಆದೋನಿಯ ಜಿನ್ನಿಂಗ್ ಮಿಲ್ಲು, ರಾತ್ರಿ ಪಾಳಿ.
ಮೂವತ್ತಡಿ ಮೇಲೆ ಒಂದೇ ಬಲ್ಬು,
ಅದಕ್ಕೂ ಅರಳೆಯ ಮುಸುಕು.

ಐಎಸ್‌ಒ ಏರಿಸುತ್ತ ಹೋದೆ, ಎಂಟುನೂರು, ಸಾವಿರದ ಆರುನೂರು,
ದೂರದ ಸ್ಟೇಷನ್ನಿಗೆ ರೇಡಿಯೊ ಜೋರು ಮಾಡಿದ ಹಾಗೆ.
ಹಾಡಿನ ಜೊತೆ ಗೊರಗೊರವೂ ಬಂತು.
ಕೆಂಪು ಹಸಿರು ಚುಕ್ಕಿಗಳ ನಡುವಿಂದ
ಕಾಳುಕಾಳಾಗಿ ಬಂದಳು ಉರುಕುಂದಮ್ಮ,
ಸೆರಗನ್ನು ಮೂಗಿಗೆ ಬಿಗಿದುಕೊಂಡು.

ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು
ಗದ್ದಲ ಒರೆಸಿದೆ. ಒಂದೇ ಎಳೆತ.
ಕತ್ತಲು ತೊಳೆದಿಟ್ಟಷ್ಟು ಕಪ್ಪಾಯಿತು,
ಕೆನ್ನೆ ಮೇಣವಾಯಿತು.

ಭಾನುವಾರ ಪ್ರಿಂಟು ಒಯ್ದು ಕೊಟ್ಟೆ.
ಫೋಟೋದ ಹುಬ್ಬು ತಡವಿದಳು,
ಆಮೇಲೆ ತನ್ನದು.
"ಇಲ್ಲಿದ್ದ ಹತ್ತಿ ಎಲ್ಲಿ ಹೋತು?"

ಮೊದಲಿನ ಚಿತ್ರ ಮತ್ತೆ ತೆರೆದೆ,
ಹಿಗ್ಗಿಸಿ ಹಿಗ್ಗಿಸಿ ನೋಡಿದೆ.
ಯಾವುದು ಸೆನ್ಸರಿನ ತಳಮಳ,
ಯಾವುದು ಗಾಳಿಯಲ್ಲಿದ್ದ ಅರಳೆ,
ಯಾವುದು ಅವಳ ಸಿಡುಬಿನ ಕಲೆ,
ನನಗೂ ತಿಳಿಯಲಿಲ್ಲ, ಯಂತ್ರಕ್ಕೂ.

ಏನೂ ಮುಟ್ಟದೆ ಹಾಗೇ ಪ್ರಿಂಟಿಗೆ ಹಾಕಿದೆ.

ಬಾಗಿಲ ಬೆಳಕಿಗೆ ಹಿಡಿದು ನೋಡಿದಳು ಬಹಳ ಹೊತ್ತು.
"ಈಗ ನಾನs" ಅಂದಳು.
"ಕೆಮ್ಮೊಂದು ಬಂದಿಲ್ಲ ನೋಡು."