ತೂಗುಗುಂಡಿನ ಆಚೆ

ಕಡಲಿಗಿಂತ ಎರಡಾಳು ತಗ್ಗು ಈ ಹುಲ್ಲುಗಾವಲು;
ಮೇಯುವ ಹಸುಗಳಿಗೆ ಅದರ ಪರಿವೆಯಿಲ್ಲ.

ಬೂದುಕೊಕ್ಕರೆ ಅಂತ ಗಾಳಿಯಂತ್ರದ ಹೆಸರು.
ಇನ್ನೂರು ವರ್ಷ ನೀರೆತ್ತಿ ಎತ್ತಿ
ಡೀಸೆಲ್ ಪಂಪು ಬಂದ ಚಳಿಗಾಲ
ಸೌದೆಯ ಲೆಕ್ಕದಲ್ಲಿ ಬೆಲೆ ಕಟ್ಟಿದ್ದರಂತೆ.
ಕೊಡಲಿಯವರು ಬಂದಾಗ ವೀಬ್ರಂಟ್
ಬಾಗಿಲು ತೆಗೆಯಲಿಲ್ಲ, ಅಷ್ಟೆ.
ಉಳಿದದ್ದು ಒಂದು ಚಿಲಕದಿಂದ.

ಅವನ ಮಗಳು ಆಲ್ಟ್ಯೆ ನನಗೆ ಕಲಿಸಿದಳು:
ಸೇಬುಮರದ ಹಲ್ಲಿಗೆ ಜೇನುಮೇಣ ತಿಕ್ಕುವುದು,
ಮೋಡ ನೋಡಿ ಹಾಯಿ ಸುತ್ತುವುದು,
ಹಗ್ಗ ಕೈಯಲ್ಲಿರುವಾಗ ಮಾತಾಡದಿರುವುದು.
ರೆಕ್ಕೆ ಹೊಸವು, ಹೊದಿಕೆಯ ಜೊಂಡು ಹೊಸದು.
ತೊಲೆಯಲ್ಲಿ ಮಾತ್ರ ಹಳೇ ಮರದ ಗೇಣುದ್ದ ತುಂಡು,
ಬಡಗಿ ಕಸಿ ಕಟ್ಟಿದಂತೆ ಕೂರಿಸಿದ್ದು.
ಅದರ ಮೇಲೆ ಯಾರೋ ಸೀಸದಲ್ಲಿ ಗೀಚಿದ್ದಾರೆ:
"ಹನ್ನೊಂದು ದಿನ ಗಾಳಿಯಿಲ್ಲ. ಮಗುವಿಗೆ ಜ್ವರ."
ಆಮೇಲೆ ಏನಾಯಿತೋ ಬರೆದಿಲ್ಲ.

ಸುತ್ತು ಎಣಿಸಲು ಈಗ ಮೀಟರು;
ಸುತ್ತಿದಷ್ಟೇ ಅನುದಾನ.
ಎತ್ತಿದ ನೀರು ಕಾಲುವೆ ಬಳಸಿಕೊಂಡು
ಮತ್ತೆ ನಮ್ಮ ಕಾಲಬುಡಕ್ಕೇ.
ಸುಳ್ಳು ದುಡಿಮೆ, ಅಂದೆ ಒಮ್ಮೆ.
"ನಿಂತ ಮರಕ್ಕೇ ಕಣೋ ಹುಳ ಹತ್ತೋದು,"
ಅಂದು ಮೇಣದ ಡಬ್ಬಿ ನನ್ನ ಕಡೆ ತಳ್ಳಿದಳು.

ಇವತ್ತು ಡಬ್ಬಿ ತೆರೆಯಲಿಲ್ಲ.
ಬ್ರೇಕಿನ ಹಗ್ಗ ಎಳೆದು
ಕೆಳಗಿನ ರೆಕ್ಕೆ ತೂಗುಗುಂಡಿನ ಗೆರೆ ದಾಟಿ
ಒಂದು ಮಾರು ಆಚೆ ನಿಲ್ಲುವ ಹಾಗೆ ನಿಲ್ಲಿಸಿದೆ.
ಮದುವೆಗೆ, ಹೆರಿಗೆಗೆ ಈಚೆ. ಸಾವಿಗೆ ಆಚೆ.
ದಿಬ್ಬದ ರಸ್ತೆಯಲ್ಲಿ ಮುದುಕನೊಬ್ಬ
ಸೈಕಲ್ ಇಳಿದು ನೋಡಿದ,
ಟೋಪಿ ತೆಗೆದ,
ಯಾರು ಅಂತ ಕೇಳಲಿಲ್ಲ.

ಈ ತಿಂಗಳ ಲೆಕ್ಕಕ್ಕೆ ನಾನೂರು ಸುತ್ತು ಬಾಕಿ.
ಗಾಳಿಯೂ ಚೆನ್ನಾಗಿದೆ.
ಇರಲಿ.